ಚಾಕು ಮತ್ತು ಕೇಳಿಸದ ದನಿ

ಸ್ಕೂಟರ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಎರಡು ಲಿಥಿಯಂ ಬ್ಯಾಟರಿಗಳಿದ್ದವು. ಒಂದರ ಮೈತುಂಬ ಗೀರು, ಇನ್ನೊಂದು ಫಳಫಳ ಹೊಳೆಯುತ್ತಿತ್ತು. ಎರಡರಲ್ಲೊಂದು ಒಳಗೊಳಗೇ ಕೆಟ್ಟಿತ್ತು. ಯಾವುದೆಂದು ಯಾರಿಗೂ ತಿಳಿಯದು.

"ಅದಕ್ಕೇಕೆ ಚಿಂತೆ? ಎರಡನ್ನೂ ಕೊಯ್ದು ನಿಜ ಹೇಳುತ್ತೇನೆ" ಎಂದಿತು ಚಾಕು.

"ಆ ಗೀರಿನದನ್ನೇ ಕೊಯ್ಯಿರಿ. ನನ್ನ ಮೈ ನೋಡಿದರೆ ಸಾಲದೇ?" ಎಂದಿತು ಹೊಳೆಯುವ ಬ್ಯಾಟರಿ.

ಗೀರಿನ ಬ್ಯಾಟರಿ ಕೇಳಿತು, "ಕೊಯ್ದ ಮೇಲೆ ನಾನು ಗಟ್ಟಿ ಎಂದು ಗೊತ್ತಾಗಿ ಏನು ಬಂತು?"

ಮೂಲೆಯಲ್ಲಿದ್ದ ನೀರಿನ ಮಡಕೆ ನಕ್ಕಿತು. "ಸಂತೆಯಲ್ಲಿ ನನ್ನನ್ನು ಒಡೆದು ನೋಡಿ ಕೊಂಡರೇನಯ್ಯಾ? ಬೆರಳಲ್ಲಿ ತಟ್ಟಿ, ದನಿ ಕೇಳಿ ಕೊಂಡರು. ಅಲ್ಟ್ರಾಸೌಂಡನ್ನು ಕರೆಯಿರಿ."

ಯಾರ ಕಿವಿಗೂ ಕೇಳಿಸದ ಆ ದನಿ ಬಂತು. ಗೀರಿನ ಬ್ಯಾಟರಿಯ ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊರಬಂದು, "ಒಳಗೆಲ್ಲ ಸರಿಯಾಗಿದೆ" ಎಂದಿತು. ಹೊಳೆಯುವುದರೊಳಗೆ ಹೋದದ್ದು ಅರ್ಧ ದಾರಿಯಲ್ಲೇ ಹಿಂದಿರುಗಿತು. "ದಾಟಲಾಗಲಿಲ್ಲ. ಪದರಗಳ ನಡುವೆ ಬರೀ ಗಾಳಿ."

"ಯಾರಿಗೆ ಹೇಳುತ್ತೀಯ ಗಾಳಿ ಎಂದು!" ಹೊಳೆಯುವ ಬ್ಯಾಟರಿ ಸಿಟ್ಟಿನಿಂದ ಬಿಸಿಯಾಯಿತು, ಬಿಸಿಯಾಗಿ, ಎಲ್ಲರೆದುರಿಗೇ ಪೂರಿಯಂತೆ ಉಬ್ಬಿತು.

ಚಾಕು ಪೆಚ್ಚಾಯಿತು. "ಹಾಗಾದರೆ ನನಗಿನ್ನೇನು ಕೆಲಸ?"

"ಊಟದ ಹೊತ್ತಾಯಿತು, ಹೋಗಿ ಈರುಳ್ಳಿ ಹೆಚ್ಚು" ಎಂದಿತು ಮಡಕೆ. "ಅಲ್ಲಾದರೆ ಕೊಯ್ಯುವವರ ಕಣ್ಣಲ್ಲೂ ಸ್ವಲ್ಪ ನೀರು ಬರುತ್ತದೆ."