ಮೇಲೆ ಕೂತ ಆಲೂಗಡ್ಡೆ

ಫ್ಲೋರಿನ್ ಬಾಯಿಯವರ ಅಡುಗೆಮನೆಯಲ್ಲಿ ಭಾನುವಾರ ಸ್ಥಾನಮಾನದ ಗಂಭೀರ ಬಿಕ್ಕಟ್ಟೊಂದು ತಲೆದೋರಿತು. ಪದರ ಪದರವಾಗಿ ಓವನ್‌ನಲ್ಲಿ ಬೇಯಿಸುವ ಪೈ ಮಾಡಲೆಂದು ಟ್ರೇಗೆ ಸುರಿದ ಕುರಿ ಖೀಮಾ ಇನ್ನೂ ಹಬೆಯಾಡುತ್ತಿತ್ತು. ಅದರ ಮೇಲೆ ಹರಡಬೇಕಿದ್ದ, ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆಗೆ ಕಾಯುವ ತಾಳ್ಮೆ ಇರಲಿಲ್ಲ.

“ಸ್ವಾಮಿ, ನಾನು ಆರಿ ಗಟ್ಟಿಯಾಗುವವರೆಗೆ ತಾಳಿ. ಈಗಲೇ ಕೂತರೆ ಮುಳುಗುತ್ತೀರಿ,” ಎಂದಿತು ಖೀಮಾ.

“ನಾನು ಶುದ್ಧ ಸಸ್ಯಾಹಾರಿ. ಮೇಲೆ ಕೂರುವುದು ನನ್ನ ಹುಟ್ಟುಹಕ್ಕು. ನೀನು ಬುದ್ಧಿ ಹೇಳಬೇಡ, ಮೈ ಮುಟ್ಟದೆ ಹೊತ್ತುಕೋ!”

“ತಾವು ಹುಟ್ಟಿದ್ದು ಮಣ್ಣಿನಡಿಯಲ್ಲಲ್ಲವೇ, ಸ್ವಾಮಿ?”

ಆಲೂಗಡ್ಡೆ ಖೀಮಾದ ಮೇಲೆ ಧುಮುಕಿತು. ಟ್ರೇ ಓವನ್‌ನಿಂದ ಹೊರಬಂದಾಗ ಯಾರು ಮೇಲೆ, ಯಾರು ಕೆಳಗೆ ಎಂದು ಫ್ಲೋರಿನ್ ಬಾಯಿಗೂ ಗುರುತು ಹತ್ತಲಿಲ್ಲ. ಮಧ್ಯಾಹ್ನ ಅದನ್ನು ಖೀಮಾ ಪಲ್ಯವೆಂದು ಬ್ರೆಡ್ಡಿನ ಜೊತೆ ಬಡಿಸಲಾಯಿತು.