ಒಡ್ಡಿನ ಮೇಲೆ ಬರಿಗಾಲು

೧೯೫೮ನೇ ಇಸವಿ, ನವೆಂಬರ್ ೧೭, ಸೋಮವಾರ. ಆಕಾಶದಲ್ಲಿ ಮೋಡವಿರಲಿಲ್ಲ, ಬೆಳಗಿನಿಂದ ಮೂಡಣ ಗಾಳಿ ಬೀಸುತ್ತಿತ್ತು.

ಉಪದೇಶಿ ಓಬದ್ಯ ತನ್ನ ಗುರು ಎಲೀಷ ಮಾಸ್ತರ ಮುಂದೆ ಒಂದು ಕಾಗದವನ್ನಿಟ್ಟು ಕೇಳಿದ:

“ಅಯ್ಯಾ, ಹೋರಾಡುವವನು ನಾನು. ಬೀಳುವವನೂ ನಾನು. ನಡುವೆ ಈ ಪ್ರಾರ್ಥನೆ ಯಾತಕ್ಕೆ?”

ಕಾಗದ ರಾಜೀನಾಮೆಯದು. ಓಬದ್ಯನಿಗೆ ಇಪ್ಪತ್ತೊಂಬತ್ತು ವರ್ಷ. ಓದು ಚೆನ್ನಾಗಿತ್ತು, ದನಿ ಚೆನ್ನಾಗಿತ್ತು, ಕೋಪ ಮಾತ್ರ ಹತೋಟಿಯಲ್ಲಿರಲಿಲ್ಲ. ಹಿಂದಿನ ಕ್ರಿಸ್ಮಸ್ಸಿನಲ್ಲಿ ಅದನ್ನು ಗೆದ್ದೇ ತೀರುತ್ತೇನೆಂದು ಶಪಥ ಮಾಡಿದ್ದ. ಶುಕ್ರವಾರಗಳಂದು ಉಪವಾಸವಿದ್ದ. ಸಿಟ್ಟು ಬಂದಾಗ ಬಾಯಿ ತುಂಬ ನೀರು ತುಂಬಿಕೊಂಡು ಕುಳಿತ. ಹನ್ನೊಂದು ತಿಂಗಳು ಯಾರ ಮೇಲೂ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ.

ನಿನ್ನೆ, ಭಾನುವಾರ, ಆರಾಧನೆಯ ಗಂಟೆ ತಡವಾಯಿತು. ಗಂಟೆ ಬಾರಿಸುವ ಮುದುಕ ಯೋನಪ್ಪ ಕಾಲೆಳೆಯುತ್ತ ಬಂದ. ಓಬದ್ಯ ಇಡೀ ಸಭೆಯ ಎದುರು ಅವನ ಕೆನ್ನೆಗೆ ಹೊಡೆದ. ಮುದುಕ ಹೋಗಿ ಗಂಟೆ ಬಾರಿಸಿದ. ಅವನು ವಾರವಿಡೀ ಜ್ವರದಲ್ಲಿ ಮಲಗಿದ್ದು, ಅಂದೇ ಎದ್ದು ಬಂದಿದ್ದನೆಂದು ಆಮೇಲೆ ಯಾರೋ ಹೇಳಿದರು.

“ಒಂದೊಂದು ದಿನವನ್ನೂ ಗುದ್ದಾಡಿ ಗೆದ್ದೆ, ಅಯ್ಯಾ. ಒಂದೇ ಒಂದು ದಿನ ದೇವರು ನನ್ನ ಕೈ ಹಿಡಿಯಬಾರದಿತ್ತೆ? ಎಲ್ಲಿಗೆ ಹೋಗಿದ್ದ ಅವನು?” ಓಬದ್ಯನ ದನಿ ಮತ್ತೆ ಏರಿತು.

“ಕೈ ಹಿಡಿ ಎಂದು ಎಷ್ಟು ಸಲ ಕೇಳಿಕೊಂಡಿದ್ದೆ?”

“ಕೇಳುವ ಪ್ರಮೇಯವೇ ಬರಲಿಲ್ಲವಲ್ಲ! ಗೆಲ್ಲುತ್ತಿದ್ದೆನಲ್ಲ!”

ಮಾಸ್ತರು ಕಾಗದವನ್ನು ಓದಲಿಲ್ಲ. ಅದರ ಮೇಲೆ ತಮ್ಮ ಕನ್ನಡಕದ ಪೆಟ್ಟಿಗೆಯನ್ನಿಟ್ಟರು. “ಕೂತುಕೋ” ಎಂದು ಹೇಳಿ ಕತೆ ತೆಗೆದರು.

ಹೊಳೆ ಕಡಲು ಸೇರುವ ಕಡೆ ಒಂದು ಊರು. ಅಲ್ಲಿ ಉಪ್ಪುನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಊರವರು ಅದಕ್ಕೆ ಅಡ್ಡವಾಗಿ ಮಣ್ಣಿನ ಒಡ್ಡು ಕಟ್ಟಿ, ಒಳಗಡೆ ಬತ್ತ ಬೆಳೆಯುತ್ತಾರೆ. ಒಡ್ಡು ಎಲ್ಲರದು. ಇಷ್ಟು ಮಾರು ಇವನ ಪಾಲು, ಇಷ್ಟು ಮಾರು ಅವನ ಪಾಲು ಎಂದು ಕಾಯುವುದಕ್ಕೆ ಹಂಚಿಕೊಂಡಿರುತ್ತಾರೆ.

ಒಡ್ಡಿಗೆ ಶತ್ರು ಕಡಲಲ್ಲ, ಏಡಿ. ಅದು ಬಿಲ ತೋಡುತ್ತದೆ. ಬಿಲದ ಬಾಯಿ ಹುಲ್ಲಿನಡಿ ಇರುವುದರಿಂದ ಕಣ್ಣಿಗೆ ಕಾಣಿಸದು. ಆದರೆ ಬಿಲದ ಮೇಲಿನ ಮಣ್ಣು ತಣ್ಣಗಿರುತ್ತದೆ, ಸ್ವಲ್ಪ ಮೆತ್ತಗಿರುತ್ತದೆ. ಅದು ಅಂಗಾಲಿಗೆ ತಿಳಿಯುತ್ತದೆ. ಆದ್ದರಿಂದ ಆ ಊರಿನ ಕ್ರಮ ಇಷ್ಟೇ: ದಿನವೂ ನೀರು ಇಳಿದಾಗ ತನ್ನ ಪಾಲಿನ ಒಡ್ಡಿನ ಮೇಲೆ ಬರಿಗಾಲಲ್ಲಿ ನಡೆಯಬೇಕು. ತಣ್ಣಗೆ ತಗುಲಿದಲ್ಲಿ ನಿಂತು, ಹುಲ್ಲು ಸೇರಿಸಿದ ಕೆಸರು ತುರುಕಿ, ಹಿಮ್ಮಡಿಯಿಂದ ಒತ್ತಬೇಕು. ಬಿಲ ಸಿಕ್ಕದ ದಿನವೂ ನಡೆಯಬೇಕು.

ಅಲ್ಲಿ ಒಬ್ಬ ರೈತ. ಭಾರಿ ಆಳು. ಒಂದು ಮಳೆಗಾಲದಲ್ಲಿ ಒಡ್ಡು ಒಡೆದಾಗ, ಹಲಗೆ ತರುವ ತನಕ ಕಂಡಿಗೆ ಬೆನ್ನು ಕೊಟ್ಟು ನಿಂತು ಗದ್ದೆಗಳನ್ನು ಉಳಿಸಿದ್ದ. ಊರು ಅದನ್ನು ಮರೆಯಲಿಲ್ಲ. ಅವನಂತೂ ಮರೆಯಲೇ ಇಲ್ಲ. ಅಂದಿನಿಂದ ಅವನಿಗೆ ಒಡ್ಡಿನ ಮೇಲೆ ಅಂಗಾಲೂರಿ ತಡಕಾಡುವುದು ಅವಮಾನವೆನ್ನಿಸತೊಡಗಿತು. ಮೊದಲು ದಿನ ಬಿಟ್ಟು ದಿನ ನಡೆದ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಬಿಟ್ಟೇಬಿಟ್ಟ.

ಅವನ ಪಕ್ಕದ ಪಾಲು ಒಬ್ಬ ಮುದುಕಿಯದು. ಅವಳು ಒಂದು ದಿನ ಕೇಳಿದಳು: “ಏನೋ ತಮ್ಮಾ, ಇತ್ತಿತ್ತಲಾಗಿ ಒಡ್ಡಿನ ಮೇಲೆ ಕಾಣೋದೇ ಇಲ್ಲ?”

“ಏಡಿ ಹುಡುಕೋಕೆ ನೀನಿದ್ದೀಯಲ್ಲ ಅಜ್ಜಿ. ನಾನು ಕೇಳಿದೆ ಅಂತ ಅವಕ್ಕೆ ಹೇಳು.”

“ಅವು ನಿನಗೆ ದಿನಾ ಏನೋ ಹೇಳ್ತಾನೇ ಇವೆ. ನಿನ್ನ ಕಾಲಿಗೆ ಕೇಳಬೇಕಲ್ಲ.”

“ಒಡೆಯಲಿ ಬಿಡು. ಒಡೆದರೆ ಈ ಬೆನ್ನು ಎಲ್ಲಿಗೂ ಹೋಗಿಲ್ಲ!”

ಒಡೆಯಲಿಲ್ಲ. ಒಂದು ತಿಂಗಳು ಕಳೆಯಿತು, ಒಂದು ವರ್ಷವೂ ಕಳೆಯಿತು. ಎಷ್ಟೋ ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರ ಬಂದು ಹೋಯಿತು. ಅವನ ಪಾಲಿನ ಒಡ್ಡು ಅಲುಗಲಿಲ್ಲ. ನಡೆಯುವುದು ಬರೀ ರೂಢಿ, ಕೈಲಾಗದವರು ಮಾಡಿಕೊಂಡ ಸಮಾಧಾನ ಎಂದು ಅವನು ಕಟ್ಟೆಯ ಮೇಲೆ ಕೂತು ಹೇಳತೊಡಗಿದ. ನಾಲ್ಕು ಜನ ತಲೆದೂಗಿದರು.

ಎರಡನೆಯ ವರ್ಷ, ತೆನೆ ಹಾಲು ತುಂಬುವ ಹೊತ್ತಿಗೆ, ಒಂದು ಹುಣ್ಣಿಮೆಯ ಉಬ್ಬರದಲ್ಲಿ, ಅವನ ಪಾಲೂ ಮುದುಕಿಯ ಪಾಲೂ ಕೂಡುವ ಕಡೆ ಒಡ್ಡು ಕುಸಿಯಿತು. ರೈತ ಓಡಿ ಹೋಗಿ ಬೆನ್ನು ಕೊಟ್ಟ. ಎದುರಿನಿಂದ ಬಂದಿದ್ದರೆ ಆ ನೀರನ್ನು ಅವನು ತಡೆಯುತ್ತಿದ್ದ. ಅದು ಕಾಲಿನ ಕೆಳಗಿನಿಂದ ಬಂತು. ಅವನು ಊರಿದ ಮಣ್ಣೇ ಕರಗಿ ಹೋಯಿತು. ನಿಲ್ಲಲು ನೆಲವಿಲ್ಲದವನಿಗೆ ಬೆನ್ನಿದ್ದು ಏನು ಪ್ರಯೋಜನ? ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗಿತು.

ರೈತ ಕೆಸರು ಮೈಯಲ್ಲೇ ಮುದುಕಿಯ ಅಂಗಳಕ್ಕೆ ಹೋದ. ಹಿಂದೆ ಊರೇ ಬಂತು. “ಹನ್ನೆರಡು ದಿನದಿಂದ ಚಾಪೆ ಬಿಟ್ಟು ಎದ್ದಿಲ್ಲ ಇವಳು! ನಿನ್ನಿಂದ ಮುಳುಗಿತು ಊರು!” ಎಂದು ಕೂಗಿದ.

ಮುದುಕಿ ಜಗಲಿಯ ಮೇಲೆ ಹೊದ್ದು ಮಲಗಿದ್ದಳು. ಒಳಗಿನಿಂದ ಅವಳ ಸೊಸೆ ಬಂದಳು.

“ಒಡೆದದ್ದು ಯಾರ ಪಾಲು ಅಂತ ನೋಡಿ ಬಂದೆಯಾ, ಗಂಡಸೇ?” ಎಂದು ಕೇಳಿ, ಅತ್ತೆಯ ಕಾಲ ಮೇಲಿನ ಹೊದಿಕೆ ತೆಗೆದಳು.

ಕಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು. ಕೆಸರಿನಲ್ಲಿದ್ದ ಚಿಪ್ಪು ತುಳಿದ ಗಾಯ ಅದು.

“ಒಂದೂವರೆ ವರ್ಷದಿಂದ ತನ್ನ ಪಾಲು ಮುಗಿಸಿ ನಿನ್ನ ಪಾಲನ್ನೂ ನಡೀತಿದ್ದಳು. ಬೇಡ ಅಂದರೆ, ನೀರಿಗೆ ಪಾಲು ಗೊತ್ತಿಲ್ಲ ಕಣೇ ಅಂತಿದ್ದಳು. ಚಿಪ್ಪು ತುಳಿದದ್ದು ನಿನ್ನ ಒಡ್ಡಿನ ಮೇಲೆ. ಬಿದ್ದದ್ದೂ ಅಲ್ಲೇ.”

ಮಾಸ್ತರು ನಿಲ್ಲಿಸಿದರು.

ಓಬದ್ಯನ ಮುಖ ಕೆಂಪಾಗಿತ್ತು. “ಆಮೇಲೆ?” ಎಂದು ಕೇಳಿದ.

“ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಕಾಲು ಕತ್ತರಿಸಿದರು.”

“ಅವನು? ಅವನು ಏನು ತೆತ್ತ?”

“ಒಂದು ಬೆಳೆ. ಅದನ್ನು ಊರಿನ ಎಲ್ಲರೂ ತೆತ್ತರು.”

ಓಬದ್ಯ ಎದ್ದು ನಿಂತ. “ಇದು ಯಾವ ನ್ಯಾಯ, ಅಯ್ಯಾ? ಇನ್ನೊಬ್ಬರ ಕಾಲಿನ ಮೇಲೆ ಒಂದೂವರೆ ವರ್ಷ ನಿಂತುಕೊಂಡು, ನನ್ನ ಬಲ ನನ್ನ ಬಲ ಅಂತ ಕಟ್ಟೆಯ ಮೇಲೆ ಹೇಳಿಕೊಂಡನಲ್ಲ! ಕಡೆಗೆ ಅವಳ ಮೇಲೇ ಕೂಗಾಡಿದನಲ್ಲ, ಊರೆಲ್ಲ ನೋಡುವ ಹಾಗೆ! ಆ ಮುದುಕಿಯ ಮನೆಬಾಗಿಲಿಗೆ ಹೋಗಿ ಅವನು ಮಣ್ಣಿಗೆ ಹಣೆ ಹಚ್ಚಬೇಕಿತ್ತು. ನಾಚಿಕೆ ಎಂಬುದೇ ಇಲ್ಲವೇ ಆ ಮನುಷ್ಯನಿಗೆ?”

ಮಾಸ್ತರು ಕನ್ನಡಕದ ಪೆಟ್ಟಿಗೆಯನ್ನೆತ್ತಿ, ಕಾಗದವನ್ನು ಓಬದ್ಯನ ಕಡೆಗೆ ಸರಿಸಿದರು.

“ಯೋನಪ್ಪ ಹನ್ನೊಂದು ತಿಂಗಳಿನಿಂದ ದಿನವೂ ಬೆಳಗಿನ ಜಾವ ಆ ಗಂಟೆಯ ಕೆಳಗೆ ಮೊಣಕಾಲೂರಿ ನಿನ್ನ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದ, ಓಬದ್ಯ, ಹೋದ ವಾರ ಮಾತ್ರ ಅವನಿಗೆ ಬರಲಾಗಲಿಲ್ಲ.”