ಉಗ್ರಾಣದ ಬೀಗ

ಕಾಲ ಕೆಟ್ಟಿತ್ತು. ವ್ಯಾಪಾರ ಬಿದ್ದುಹೋಗಿ ಉಣ್ಣುವುದಕ್ಕೇ ತತ್ವಾರವಾದಾಗ ಒಡವೆ ಮಾಡಿಸುವವರು ಯಾರು?

ಕೆಲಸವಿಲ್ಲದ ಕಸುಬುದಾರರು ಹೊಸ ವಿದ್ಯೆ ಕಲಿಯಲೆಂದು ಅರಸ ಹೊಳೆದಂಡೆಯ ಆಶ್ರಮದಲ್ಲಿ ಕುಲುಮೆ ಹಾಕಿಸಿದ. ಕಲಿಯುವಷ್ಟು ಕಾಲ ಅವರ ಮನೆಗಳಿಗೆ ಉಗ್ರಾಣದ ಅಕ್ಕಿ. ಹುಣ್ಣಿಮೆಯ ಪರೀಕ್ಷೆಯಲ್ಲಿ ಸೋತವರಿಗೆ ಅಕ್ಕಿ ಬಂದ್.

ಅಕ್ಕಸಾಲಿಗ ಮಾನಪ್ಪನೂ ಬಂದ. ಕಾದ ಕಬ್ಬಿಣವನ್ನು ಚಿನ್ನ ತಟ್ಟಿದಂತೆ ಮೆಲ್ಲಗೆ ತಟ್ಟಿದ. ಅದು ಬಗ್ಗದೆ ಆರಿಹೋಯಿತು. ಸಂಜೆ ಕಬ್ಬಿಣದ ಪುಡಿಯನ್ನೂ ಜೋಪಾನವಾಗಿ ಗುಡಿಸಿ ಡಬ್ಬಿಗೆ ತುಂಬಿದ.

“ಏನ್ ಮಾನಪ್ಪ, ಮೂಗುತಿ ಮಾಡ್ತೀಯಾ?” ಜೊತೆಯವರು ಬಿದ್ದು ಬಿದ್ದು ನಕ್ಕರು.

ಮಾನಪ್ಪನಿಗೆ ಹೆಂಡತಿ ಮಕ್ಕಳ ಮುಖ ಕಣ್ಣಿಗೆ ಕಟ್ಟಿತು. ಆಶ್ರಮದ ಗುರುಗಳ ಬಳಿಗೆ ಹೋದ.

“ಗುರುಗಳೇ, ಈ ಕೈ ಹಳೆಯದನ್ನು ಮರೆಯಬೇಕು. ದಾರಿ ತೋರಿಸಿ.”

“ಹೊಳೆಯಲ್ಲಿ ಅದ್ದಿ ಬಾ.”

ಅದ್ದಿ ಬಂದ.

“ಮರೆಯಿತೇ?”

“ಇಲ್ಲ. ಒದ್ದೆಯಾಯಿತು, ಅಷ್ಟೇ.”

“ಹಾಗಾದರೆ ಒರೆಸಿಕೊಂಡು ಸಮ್ಮಟಿಗೆ ಹಿಡಿ.”

ಹಿಡಿದ. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು. ಬಿಡಲಿಲ್ಲ.

ಹುಣ್ಣಿಮೆಯಂದು ಉಗ್ರಾಣ ನೋಡಿಕೊಳ್ಳುವ ಅರಸನ ಪಾರುಪತ್ಯಗಾರ ಏದುಸಿರು ಬಿಡುತ್ತ ಬಂದ. “ಉಗ್ರಾಣದ ಕೀಲಿ ಬೀಗದೊಳಗೇ ಮುರಿದಿದೆ. ಅರಸರ ಅಜ್ಜನ ಕಾಲದ ಬೀಗ, ಒಡೆಯಕೂಡದು. ಇದೇ ನಿಮ್ಮ ಪರೀಕ್ಷೆ.”

ಒಬ್ಬೊಬ್ಬರೂ ನೋಡಿದರು. ಕುಲುಮೆಯ ದಪ್ಪ ಇಕ್ಕಳ ಬೀಗದ ಬಾಯಿಗೇ ಹೋಗಲಿಲ್ಲ.

ಮಾನಪ್ಪ ಸೊಂಟದ ಚೀಲದಿಂದ ತನ್ನ ಹಳೆಯ ಚಿಮಟ ತೆಗೆದ. ಉಸಿರು ಬಿಗಿಹಿಡಿದು ಮುರಿದ ಚೂರನ್ನು ಎಳೆದ. ಎರಡು ತುಂಡನ್ನೂ ಜೋಡಿಸಿ ಅಚ್ಚು ನೋಡಿಕೊಂಡು ಕುಲುಮೆಗೆ ಓಡಿದ.

ನಕ್ಕವರೇ ತಿದಿ ಒತ್ತಿದರು. ಕೆಂಪಗೆ ಕಾದ ಕಬ್ಬಿಣದ ಮೇಲೆ ಮಾನಪ್ಪನ ಸಮ್ಮಟಿಗೆ ಧಡಲ್ಲನೆ ಬಿತ್ತು. ಕಬ್ಬಿಣ ಮಾತು ಕೇಳಿತು! ಆಮೇಲೆ ಪುಟ್ಟ ಸುತ್ತಿಗೆ, ಪುಟ್ಟ ಅರ. ಕೀಲಿಗೆ ಒಂದೊಂದೇ ಹಲ್ಲು ಬಂತು.

ಬೀಗ ಕಟಕ್ಕೆಂದು ತೆರೆಯಿತು. ಅಕ್ಕಿಯ ವಾಸನೆ ಹೊರಗೆ ನುಗ್ಗಿತು. ಜೊತೆಯವರು ಮಾನಪ್ಪನನ್ನು ಹೆಗಲ ಮೇಲೆ ಎತ್ತಿ ಕುಣಿದರು.

“ಈ ಕುಲುಮೆಯಲ್ಲಿ ಕಲಿಯುವ ಯಾರ ಮನೆಯ ಅಕ್ಕಿಯೂ ಇನ್ನು ನಿಲ್ಲುವುದಿಲ್ಲ,” ಎಂದ ಪಾರುಪತ್ಯಗಾರ.

ಮಾನಪ್ಪ ಹಿಗ್ಗಿ ಹೀರೇಕಾಯಿಯಾಗಿದ್ದ. ಕೆಳಗಿಳಿದವನೇ ಗುರುಗಳ ಕಾಲಿಗೆ ಬಿದ್ದ.

“ಗುರುಗಳೇ, ಬೀಗ ತೆರೆದದ್ದು ಅಕ್ಕಸಾಲಿಗನ ಕೈಯೋ, ಕಮ್ಮಾರನ ಕೈಯೋ?”

ಗುರುಗಳು ನಕ್ಕರು.

“ಬೀಗ ಕೇಳಿತೇನಪ್ಪಾ?”